ಮೂರು ಸಲ ಕರೆಯುತ್ತಿದ್ದ ಬಸವಣ್ಣೆಪ್ಪ

ಬಸವಣ್ಣೆಪ್ಪ ಕಾಕಾ ಮಲಗಿದ್ದನ್ನು ನಮ್ಮ ಹತ್ತಿಮತ್ತೂರಿನಲ್ಲಿ ಕಂಡವರು ಯಾರೂ ಇರಲಿಲ್ಲ. ಬೇಸಿಗೆಯ ಮಧ್ಯಾಹ್ನ ಉಂಡು ಊರಿಗೆ ಊರೇ ಕಟ್ಟೆಗಳ ಮೇಲೆ ಉರುಳಿಕೊಂಡಾಗಲೂ ಅವರು ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಪುಂಡಿ ನಾರಿನ ಹಗ್ಗ ಹೊಸೆಯುತ್ತ ಕೂತಿರುತ್ತಿದ್ದರು. ಕಣ್ಣು ಸದಾ ಕೆಂಪು. ಹೊಸದಾಗಿ ನೋಡಿದವರು ಈ ಮುದುಕ ಮುಂಜಾನೆಯೇ ಏರಿಸಿಕೊಂಡು ಬಂದಿದ್ದಾನೆ ಎಂದುಕೊಳ್ಳುತ್ತಿದ್ದರು. ಚಹಾ ಒಂದನ್ನು ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ. ಅದು ನಿದ್ದೆಗೆಟ್ಟ ಕೆಂಪು.

ಅವರಿಗೆ ಎರಡು ಎಕರೆ ಹೊಲವಿತ್ತು, ಒಂದು ಎಮ್ಮೆಯಿತ್ತು. ಆದರೆ ಬಸವಣ್ಣೆಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಊರಿನವರು ಒಕ್ಕಲುತನ ಎನ್ನುತ್ತಿರಲಿಲ್ಲ, ‘ಎಬ್ಬಸ್ತಾರ’ ಎನ್ನುತ್ತಿದ್ದರು. ಮರುದಿನ ನಸುಕಿನಲ್ಲಿ ಊರು ಬಿಡಬೇಕಾದವರು ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಹೋಗಿ ಅವರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಪರೀಕ್ಷೆಗೆ ಹೋಗುವ ಮಕ್ಕಳು, ಸವಣೂರಿನ ದವಾಖಾನೆಗೆ ಹೋಗುವ ಬಸುರಿಯರು, ಶಿಗ್ಗಾಂವದ ಪೇಟೆಗೆ ಗೋವಿನಜೋಳ ಒಯ್ಯುವವರು, ಎಲ್ಲರೂ ಅವರ ಗಿರಾಕಿಗಳೇ. ಎಷ್ಟು ಗಂಟೆಗೆ ಎಬ್ಬಿಸಲಿ ಎಂದು ಅವರು ಎಂದೂ ಕೇಳಿದವರಲ್ಲ. ‘ಯಾವ ಬಸ್ಸು?’ ಎಂದು ಮಾತ್ರ ಕೇಳುತ್ತಿದ್ದರು. ಉಳಿದ ಲೆಕ್ಕ ಅವರ ತಲೆಯಲ್ಲಿರುತ್ತಿತ್ತು. ಯಾರ ಮನೆಯಲ್ಲಿ ಬಚ್ಚಲು ಒಂದೇ, ಯಾರ ಹೆಂಡತಿ ಸೀರೆ ಉಡುವುದಕ್ಕೆ ತಾಸು ಹಿಡಿಯುತ್ತಾಳೆ, ಯಾರ ಮಗ ಎದ್ದ ಮೇಲೂ ಹಾಸಿಗೆಯಲ್ಲಿ ಕೂತು ತೂಕಡಿಸುತ್ತಾನೆ, ಎಲ್ಲ ಅವರಿಗೆ ಗೊತ್ತು. ನನಗಂತೂ ಮುಖಕ್ಕೇ ಹೇಳಿದ್ದರು.

“ನಿನಗ ಬರೇ ಕಣ್ಣ ತೆಗ್ಯಾಕ ಅರ್ಧಾ ತಾಸು ಬೇಕೋ ವೀರೇಶ. ಐದೂವರಿ ಬಸ್ಸಿಗೆ ನಿನ್ನ ಮೂರೂವರಿಗೆ ಎಬ್ಬಸ್ತೇನಿ.”

ಎಬ್ಬಿಸುವ ರೀತಿಯೂ ಅವರದೇ. ಕೈಯಲ್ಲಿ ತುಂಬಿದ ಒಂದು ತಾಮ್ರದ ತಂಬಿಗೆ. ಬಾಗಿಲಿಗೆ ಬೆರಳ ಗೆಣ್ಣಿನಿಂದ ಎರಡು ಪೆಟ್ಟು. ಆಮೇಲೆ ಹೆಸರು ಹಿಡಿದು ಮೂರು ಸಲ ಕರೆಯುವುದು. ಕತ್ತಲಲ್ಲಿ ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಕೂಗಿಗೆ ಓಗೊಡಬಾರದು ಎನ್ನುವುದು ನಮ್ಮ ಕಡೆಯ ನಂಬಿಕೆ. ಕಾಕಾ ಅದನ್ನು ನಂಬುತ್ತಿದ್ದರೋ ಬಿಡುತ್ತಿದ್ದರೋ, ಪಾಲಿಸುತ್ತಿದ್ದರು. “ದೆವ್ವ ಒಂದ ಸಲ ಕರಿತೈತಿ, ನಾ ಮೂರ ಸಲ ಕರಿತೇನಿ. ಅಷ್ಟ ಫರಕು,” ಎಂದು ನಗುತ್ತಿದ್ದರು. ಒಳಗಿನಿಂದ ‘ಹೂಂ’ ಎಂದಷ್ಟಕ್ಕೇ ಅವರು ಕದಲುತ್ತಿರಲಿಲ್ಲ. ನಾವೇ ಎದ್ದು, ಅಗಳಿ ತೆಗೆದು, ಅಂಗಳಕ್ಕೆ ಬಂದು, ಅವರ ತಂಬಿಗೆಯ ನೀರನ್ನು ಅವರ ಕಣ್ಣೆದುರೇ ಮುಖಕ್ಕೆ ಹಾಕಿಕೊಳ್ಳಬೇಕು. ಆಗ ಮುಂದಿನ ಮನೆ.

ಊರಿಗೆ ಮೊಬೈಲು ಬಂದ ಮೇಲೂ ಇದು ನಿಲ್ಲಲಿಲ್ಲ. ಅಲಾರಾಂ ಬಾಯಿ ಮುಚ್ಚಿಸುವುದಕ್ಕೆ ಒಂದು ಬೆರಳು ಸಾಕು. ಕಾಕಾರ ಬಾಯಿ ಮುಚ್ಚಿಸಬೇಕಾದರೆ ಅಂಗಳಕ್ಕೇ ಬರಬೇಕಿತ್ತು. ಹಾಗಾಗಿ ನಮ್ಮೂರಿನವರ ಫೋನಿನಲ್ಲಿ ಹಾಡಿತ್ತು, ಫೋಟೋ ಇತ್ತು, ಅಲಾರಾಂ ಇಡುವುದು ಮಾತ್ರ ಅರ್ಧ ಜನಕ್ಕೆ ಬರುತ್ತಿರಲಿಲ್ಲ.

ಅವರು ಈ ಕೆಲಸ ಹಿಡಿದದ್ದಕ್ಕೆ ಒಂದು ಕಾರಣವಿತ್ತು. ಅದು ಊರಿಗೆಲ್ಲ ಗೊತ್ತಿತ್ತು, ಅವರೆದುರು ಮಾತ್ರ ಯಾರೂ ಆಡುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ಕಸ್ತೂರಿ. ನನಗಿಂತ ಒಂದು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡಿದ್ದಳು. ನಮ್ಮ ಓಣಿಯಲ್ಲಿ ಓದಿನಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನನ್ನ ಗಣಿತದ ನೋಟುಪಟ್ಟಿಯಲ್ಲಿ ಅರ್ಧ ಲೆಕ್ಕಗಳು ಅವಳ ಅಕ್ಷರದಲ್ಲೇ ಇರುತ್ತಿದ್ದವು. ಪಿ.ಯು.ಸಿ. ಮುಗಿಸಿ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. ಐದೂವರೆ ಬಸ್ಸು ಹಿಡಿದು ಶಿಗ್ಗಾಂವದಲ್ಲಿ ಇಳಿದು ಹೈವೇ ಬಸ್ಸು ಹತ್ತಿದರೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದು. ಅದು ತಪ್ಪಿದರೆ ಮುಂದಿನ ಬಸ್ಸು ಒಂಬತ್ತಕ್ಕೆ. ಹಿಂದಿನ ರಾತ್ರಿ ಅವಳು ಪ್ರಮಾಣಪತ್ರಗಳನ್ನೆಲ್ಲ ಜೋಡಿಸಿಕೊಂಡು ಎಚ್ಚರವಿರುತ್ತೇನೆ ಎಂದು ಕೂತಳಂತೆ. “ಮಲಕೋ ಯವ್ವಾ, ನಾ ಎಬ್ಬಸ್ತೇನಿ,” ಎಂದರಂತೆ ಕಾಕಾ. ಆ ದಿನವಿಡೀ ಹೊಲದಲ್ಲಿ ಕುಂಟೆ ಹೊಡೆದು ಬಂದಿದ್ದರು. ತಂದೆ ಮಗಳು ಇಬ್ಬರೂ ಎದ್ದಾಗ ಬಿಸಿಲು ಗೋಡೆಯ ಮೇಲಿತ್ತು.

ಒಂಬತ್ತರ ಬಸ್ಸಿಗೆ ಓಡಿದರು. ಧಾರವಾಡ ಮುಟ್ಟಿದಾಗ ಸಂದರ್ಶನದ ಕೋಣೆಗೆ ಬೀಗ ಬಿದ್ದಿತ್ತು. ಮುಂದಿನ ವರ್ಷ ಬನ್ನಿ ಎಂದರು. ಮುಂದಿನ ವರ್ಷದ ಹೊತ್ತಿಗೆ ಕಸ್ತೂರಿ ಹಂಸಭಾವಿಯ ಸೊಸೆಯಾಗಿದ್ದಳು. ಅವಳು ಅತ್ತು ಕರೆದು ರಂಪ ಮಾಡಲಿಲ್ಲವಂತೆ. “ಅಪ್ಪಾ, ನೀ ಎಬ್ಬಸ್ತೇನಂದಿದ್ದಿ,” ಎಂದು ಒಂದೇ ಮಾತು. ಪಕ್ಕದ ಮನೆಯ ನನ್ನ ಅವ್ವ ಕೇಳಿಸಿಕೊಂಡಿದ್ದಳು.

ಮರುವರ್ಷ ಅದೇ ಸಂದರ್ಶನಕ್ಕೆ ನಾನು ಹೋಗಬೇಕಾಯಿತು. ಕಾಕಾರಿಗೆ ಯಾರೂ ಹೇಳಿರಲಿಲ್ಲ, ಕರೆದಿರಲಿಲ್ಲ. ಅಂದು ನಸುಕಿನಲ್ಲಿ ನಮ್ಮ ಬಾಗಿಲಿಗೆ ಎರಡು ಪೆಟ್ಟು ಬಿತ್ತು. “ವೀರೇಶ, ವೀರೇಶ, ಏ ವೀರೇಶ.” ಅವರು ಎಬ್ಬಿಸಿದ ಮೊದಲ ಮನುಷ್ಯ ನಾನು. ನಿದ್ದೆ ಬಂದೀತೆಂಬ ಹೆದರಿಕೆಗೆ ಎರಡು ಗಂಟೆಯಿಂದಲೇ ನಮ್ಮ ಕಟ್ಟೆಯ ಮೇಲೆ ಕೂತಿದ್ದರು ಎಂದು ಆಮೇಲೆ ಅವ್ವ ಹೇಳಿದಳು. ನನಗೆ ಸೀಟು ಸಿಕ್ಕಿತು, ನೌಕರಿಯೂ ಸಿಕ್ಕಿತು. ಶಿಗ್ಗಾಂವದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತ ಮೂವತ್ತು ವರ್ಷವಾಗುತ್ತ ಬಂತು. ಆ ಖುರ್ಚಿಯಲ್ಲಿ ಕೂರಬೇಕಾದವಳು ಬೇರೆಯವಳು ಎಂದು ಈಗಲೂ ಅನಿಸುತ್ತದೆ.

ಕಸ್ತೂರಕ್ಕ ತವರಿಗೆ ಬರುತ್ತಿದ್ದಳು. ಪಂಚಮಿಗೆ ತಪ್ಪದೆ ಬರುತ್ತಿದ್ದಳು, ಅಪ್ಪನಿಗೆ ಉಂಡಿ ಕಟ್ಟಿ ಕೊಡುತ್ತಿದ್ದಳು, ಮನೆ ಸಾರಿಸುತ್ತಿದ್ದಳು. ಆದರೆ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗಲಿಲ್ಲ. ಕಾಕಾ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿ ಬರುತ್ತಿದ್ದರು. “ಇರು ಅಂತ ಅನ್ನೂದಿಲ್ಲ ನಾನು. ಯಾವ ಬಾಯಿಲೆ ಅನ್ಲಿ?” ಎಂದು ಒಮ್ಮೆ ನನ್ನೆದುರು ಅಂದಿದ್ದರು.

ಎರಡು ವರ್ಷದ ಹಿಂದೆ ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯವರು ವಿಮಾನದಲ್ಲಿ ಕಾಶಿಗೆ ಹೋಗುವುದೆಂದು ಠರಾಯಿಸಿದರು. ಟಿಕೀಟು ತೆಗೆಸುವ ಕೆಲಸ ಮಾಸ್ತರನೆಂದು ನನ್ನ ಕೊರಳಿಗೇ ಬಿತ್ತು. ಕಾಕಾ ಮೊದಲು ಒಲ್ಲೆ ಎಂದರು. ನಾಲ್ಕು ದಿನ ಬಿಟ್ಟು ಶಿಗ್ಗಾಂವಕ್ಕೇ ಹುಡುಕಿಕೊಂಡು ಬಂದರು.

“ನಂದೊಂದು ತೆಗಸು. ಕಸ್ತೂರಿದೊಂದು ತೆಗಸು.”

“ಅಕ್ಕ ಬರ್ತಾಳೇನ್ರಿ ಕಾಕಾ?”

“ನೀ ಕೇಳು. ನಾ ಕೇಳಿದ್ರ ಒಲ್ಲೆ ಅಂದುಬಿಡ್ತಾಳ.”

ನಾನು ಹಿರೇಕೆರೂರಿನ ಬಸ್ಸು ಹಿಡಿದು ಹಂಸಭಾವಿಗೆ ಹೋದೆ. ಕಸ್ತೂರಕ್ಕ ಅವಲಕ್ಕಿ ಕೊಟ್ಟು, ಮಾತೆಲ್ಲ ಕೇಳಿಸಿಕೊಂಡಳು. ಆಮೇಲೆ ಅವಳು ಕೇಳಿದ್ದು ಕಾಶಿಯ ವಿಷಯವನ್ನೂ ಅಲ್ಲ, ವಿಮಾನದ ವಿಷಯವನ್ನೂ ಅಲ್ಲ.

“ರಾತ್ರಿ ಎಲ್ಲಿ ಮಲಗೂದು?”

“ಬೆಂಗಳೂರಾಗ, ವಿಮಾನ ನಿಲ್ದಾಣದ ಹತ್ರ ಒಂದು ಛತ್ರ ಐತಿ ಅಕ್ಕಾ. ಒಂದ ಹಾಲಿನ್ಯಾಗ ಎಲ್ಲಾರೂ.”

“ಅಪ್ಪನೂ ಅಲ್ಲೇನಾ?”

“ಹೌದು.”

“ಹಂಗಾದ್ರ ಬರ್ತೇನಿ,” ಎಂದಳು.

ಹದಿನೆಂಟು ಜನ ಹೊರಟೆವು. ಹಾನಗಲ್ಲಿನ ಡ್ರೈವರನ ಟೆಂಪೋದಲ್ಲಿ ದಿನವಿಡೀ ಕೂತು ಸಂಜೆಗೆ ಛತ್ರ ಮುಟ್ಟಿದೆವು. ರೊಟ್ಟಿಯ ಗಂಟು ಬಿಚ್ಚಿದೆವು, ಶೇಂಗಾ ಚಟ್ನಿ, ಮೊಸರು. ವಿಮಾನ ಬೆಳಿಗ್ಗೆ ಐದು ಐವತ್ತಕ್ಕೆ. ಕಾಕಾ ಎಂದಿನಂತೆ “ಎಷ್ಟರ ಗಾಡಿ?” ಎಂದು ಕೇಳಿ, ಎರಡು ಬಚ್ಚಲು, ಹದಿನೆಂಟು ಮಂದಿ ಎಂದು ಬೆರಳೆಣಿಸಿ, ಎರಡೂವರೆಗೆ ಎಬ್ಬಿಸುವುದಾಗಿ ಹೇಳಿದರು. ಎಂಥ ಹೆದರಿಕೆಯೋ, ನಾನು ಫೋನು ತೆಗೆದು ಅಲಾರಾಂ ಇಡಲು ಹೋದೆ. ಅದನ್ನು ನೋಡಿದ ಶಿವಪ್ಪ, ನಮ್ಮ ಓಣಿಯ ಕಿರಾಣಿ ಅಂಗಡಿಯವರು, ಜೋರಾಗಿ ನಕ್ಕರು.

“ಬಸವಣ್ಣೆಪ್ಪ ಇರೂವಾಗ ಅದ್ಯಾತಕ್ಕೋ ಮಾಸ್ತರ? ಬಂದ್ ಮಾಡಿ ಮಲಕೋ. ಡ್ರೈವರಗೂ ಹೇಳ್ರಿ, ನಮ್ಮ ಕಾಕಾ ಎಬ್ಬಸ್ತಾನ ಅಂತ.”

ಎಲ್ಲರೂ ನಕ್ಕರು. ಇಟ್ಟರೆ ಕಾಕಾರಿಗೆ ಅವಮಾನ ಎನಿಸಿ ನಾನು ಫೋನನ್ನು ಚೀಲದಲ್ಲಿ ಹಾಕಿದೆ. ಉಳಿದ ಹದಿನೇಳು ಜನರಲ್ಲಿ ಒಬ್ಬರೂ ಇಡಲಿಲ್ಲ.

ಹಾಲಿನ ಈಚೆ ಬದಿಗೆ ಗಂಡಸರು, ಆಚೆ ಬದಿಗೆ ಹೆಂಗಸರು. ನಡುವೆ ಒಂದು ಮಂದ ಬಲ್ಬು. ಕಾಕಾ ತಂಬಿಗೆ ತುಂಬಿಸಿ ತಂದು ತಲೆದಿಂಬಿನ ಬದಿಗಿಟ್ಟರು. ಆಮೇಲೆ ಎದ್ದು ಹೆಂಗಸರ ಬದಿಗೆ ಹೋದರು. ಕಸ್ತೂರಕ್ಕನ ಕಾಲ ಮೇಲಿನ ಚಾದರ ಎಳೆದು ಸರಿ ಮಾಡಿದರು.

“ಮಲಕೋ ಯವ್ವಾ, ನಾ ಎಬ್ಬಸ್ತೇನಿ.”

ಅದೇ ಮಾತು. ಹಳೆಯದು ಬಲ್ಲ ನಾಲ್ಕಾರು ಜನ ಮಾತು ನಿಲ್ಲಿಸಿದೆವು. ಕಸ್ತೂರಕ್ಕ ಒಂದು ಕ್ಷಣ ಅಪ್ಪನ ಮುಖ ನೋಡಿದಳು, ‘ಹೂಂ’ ಎಂದಳು, ಗೋಡೆಯ ಕಡೆಗೆ ಹೊರಳಿದಳು. ಮುದುಕ ಎಲ್ಲರೆದುರು ಇಷ್ಟು ವರ್ಷಗಳ ಮೇಲೆ ಆ ಮಾತನ್ನು ಮತ್ತೆ ಆಡಿದ್ದು ನನಗೆ ಹಿತವೆನಿಸಿತು. ಈ ಸಲವಾದರೂ ಅವರ ಮಾತು ನಿಲ್ಲಲಿ ಎಂದು ನಿಜವಾಗಿಯೂ ಬಯಸಿದೆ.

ಮುಂದಿನದನ್ನು ಬಹಳ ಕಾಲ ನಾನು ಯಾರಿಗೂ ಹೇಳಿರಲಿಲ್ಲ.

ಆ ರಾತ್ರಿ ನನಗೆ ಎಚ್ಚರವಾಯಿತು. ಹುಟ್ಟಾ ನಿದ್ದೆಬಡುಕನಾದ ನನಗೆ, ಅದೂ ತಾನಾಗಿಯೇ. ಬಚ್ಚಲಿಗೆ ಹೋಗಿ ಬಂದು ಗೋಡೆಯ ಗಡಿಯಾರ ನೋಡಿದೆ. ಎರಡೂವರೆಯಾಗಿತ್ತು. ಕಾಕಾ ಎಬ್ಬಿಸುತ್ತಿರಬೇಕಲ್ಲ ಎಂದು ತಿರುಗಿದರೆ ಅವರು ಮಲಗಿದ್ದರು. ಒಂದು ಮಗ್ಗುಲಾಗಿ, ಮೊಣಕಾಲು ಮಡಚಿ, ಕೆನ್ನೆಯ ಕೆಳಗೆ ಅಂಗೈ ಇಟ್ಟು, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದರು. ಹುಬ್ಬಿನ ನಡುವಿನ ಗಂಟು ಬಿಚ್ಚಿತ್ತು. ಅಷ್ಟು ವರ್ಷ ನೋಡಿದ ಮುಖ ಅದಾಗಿರಲಿಲ್ಲ. ಮಗಳು ಒಂದೇ ಸೂರಿನ ಕೆಳಗೆ ಮಲಗಿದ್ದಾಳೆ ಎಂಬ ಧೈರ್ಯಕ್ಕೆ ಬಂದ ನಿದ್ದೆ ಅದು ಎಂದು ನನಗೆ ಆಗಲೇ ಅನಿಸಿತು.

ಎಬ್ಬಿಸಲು ಕೈ ಚಾಚಿದೆ. ಮನಸ್ಸಾಗಲಿಲ್ಲ. ಹತ್ತು ನಿಮಿಷ ಮಲಗಲಿ, ಆಮೇಲೆ ಮೆಲ್ಲಗೆ ಎಬ್ಬಿಸಿದರೆ ಅವರೇ ಎಲ್ಲರನ್ನೂ ಎಬ್ಬಿಸುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಕಂಬಕ್ಕೆ ಒರಗಿ ಕೂತೆ. ನನ್ನನ್ನೇ ನಾನು ನಂಬಿ ಹತ್ತು ನಿಮಿಷ ಕೊಟ್ಟದ್ದು ನಾನು ಮಾಡಿದ ತಪ್ಪು.

ಛಾವಣಿಯೇ ಕಿತ್ತುಹೋಗುವಂಥ ಸದ್ದಿಗೆ ಕಣ್ಣು ತೆರೆದೆ. ವಿಮಾನವೊಂದು ತಲೆಯ ಮೇಲೆಯೇ ಹಾರಿಹೋಯಿತು.

“ಹೋತಲ್ರೋ! ನಮ್ಮ ಇಮಾನ ಹೋತು!” ಎಂದು ಶಿವಪ್ಪ ಎದ್ದು ಕೂಗಿದರು.

ಗಡಿಯಾರದಲ್ಲಿ ನಾಲ್ಕು ಹತ್ತು. ಆಮೇಲೆ ಯಾರ ಚೀಲ ಯಾರ ಹೆಗಲಿಗೆ, ಯಾರ ಚಪ್ಪಲಿ ಯಾರ ಕಾಲಿಗೆ ಎಂಬುದಿಲ್ಲ. ಕಾಕಾ ಎದ್ದು ಕೂತವರು ಗಡಿಯಾರ ನೋಡಲಿಲ್ಲ. ಹೆಂಗಸರ ಬದಿಗೆ ನೋಡಿದರು. ಕಸ್ತೂರಕ್ಕ ತಲೆ ಬಾಚಿ, ಚೀಲ ಹೆಗಲಿಗೇರಿಸಿ ನಿಂತಿದ್ದಳು. ಆ ಗದ್ದಲದಲ್ಲಿ ಅದೇನು ವಿಶೇಷವೆಂದು ನನಗೆ ಹೊಳೆಯಲಿಲ್ಲ.

ಟೆಂಪೋದಲ್ಲಿ ಶಿವಪ್ಪ ಬೈದರು. “ನಿನ್ನ ನಂಬಿ ಕೆಟ್ವಿ ನೋಡು ಬಸವಣ್ಣೆಪ್ಪ. ಎಬ್ಬಸಾಕ ಆಗೂದಿಲ್ಲ ಅಂದಿದ್ರ ಫೋನರ ಇಡ್ತಿದ್ವಿ.” ಇನ್ನೊಬ್ಬರು, ಮತ್ತೊಬ್ಬರು ದನಿ ಸೇರಿಸಿದರು. ಕಾಕಾ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದಂತೆ ಎದೆಗೆ ಒತ್ತಿಕೊಂಡು ಕೂತಿದ್ದರು. ಅದನ್ನು ಚೆಲ್ಲಬೇಕೆಂಬ ಖಬರೂ ಅವರಿಗಿರಲಿಲ್ಲ. ಕಸ್ತೂರಕ್ಕ ಅವರ ಬದಿಗೇ ಕೂತಿದ್ದಳು. ಬೈಗುಳ ತಣ್ಣಗಾದ ಮೇಲೆ ಅವಳು ಮೆಲ್ಲಗೆ ಹೇಳಿದಳು.

“ಈ ಸಲಾನೂ ಎಬ್ಬಿಸಲಿಲ್ಲಲ್ಲಪ್ಪ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಕಾಕಾ ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿಕೊಂಡರು. ನಾನು ಅವರ ಮುಂದಿನ ಸೀಟಿನಲ್ಲಿದ್ದೆ. ತಿರುಗಿ ‘ನಾನು ನೋಡಿದ್ದೆ, ನಾನೇ ಎಬ್ಬಿಸಲಿಲ್ಲ’ ಎನ್ನಬೇಕು. ಆರು ಶಬ್ದವೂ ಇಲ್ಲ. ಆದರೆ ಹದಿನಾರು ಜನ ಆ ಬೈಗುಳವನ್ನೆಲ್ಲ ನನ್ನ ಕಡೆಗೆ ತಿರುಗಿಸುತ್ತಾರೆ ಎಂದು ಹೆದರಿದೆ. ಐವತ್ತು ದಾಟಿದ ಮಾಸ್ತರ, ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಪಾಠ ಮಾಡುವವನು, ಕಿಟಕಿಯ ಹೊರಗೆ ನೋಡುತ್ತ ಕೂತೆ.

ವಿಮಾನವೇನೋ ಸಿಕ್ಕಿತು. ನಾವು ಗಂಟು ಮೂಟೆಯೊಂದಿಗೆ ಓಡಿದಾಗ ಕೌಂಟರಿನ ಹೆಣ್ಣುಮಗಳು ಮುಚ್ಚುವ ಸನ್ನಾಹದಲ್ಲಿದ್ದಳು. “ಹದಿನೆಂಟು ಜನಾನಾ?” ಎಂದು ಹಣೆ ಹಿಡಿದುಕೊಂಡಳು, ಯಾರಿಗೋ ಫೋನು ಮಾಡಿದಳು, ಬೇಗ ಬೇಗ ಎಂದಳು. ತಪಾಸಣೆಯ ಜಾಗದಲ್ಲಿ ಕಾಕಾರ ತಂಬಿಗೆಯನ್ನು ತಡೆದರು. ನೀರು ಒಯ್ಯುವಂತಿಲ್ಲ, ಕುಡಿಯಿರಿ ಇಲ್ಲವೇ ಚೆಲ್ಲಿರಿ ಎಂದರು. ಯಾರ ಮುಖಕ್ಕೂ ಬೀಳದ ನೀರು, ಕಂಠದವರೆಗೆ ತುಂಬಿತ್ತು. ಕಾಕಾ ಅದನ್ನು ಎತ್ತಿ, ಸಾಲು ಕಾಯುತ್ತಿರುವಂತೆಯೇ, ಕೊನೆಯ ಹನಿಯವರೆಗೆ ಕುಡಿದರು. ಅಂಗಿಯ ಎದೆಯೆಲ್ಲ ತೊಯ್ದಿತು. ನಾನು ಬೇರೆ ಕಡೆಗೆ ನೋಡಿದೆ.

ವಿಮಾನದಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಎಲ್ಲರೂ ಮೋಡ ನೋಡುವುದರಲ್ಲಿದ್ದರು. ಅವರು ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ ಕಾಶಿಯವರೆಗೆ ಬಂದರು. ಕಾಶಿಯಲ್ಲಿ ಇದ್ದ ನಾಲ್ಕು ರಾತ್ರಿಯೂ ಲಾಡ್ಜಿನ ಮೆಟ್ಟಿಲ ಮೇಲೆ ಕೂತೇ ಬೆಳಗು ಮಾಡಿದರು. ಒಳಗೆ ಮಲಗಿರಿ ಎಂದು ಕರೆದರೆ, “ಇಲ್ಲೇ ಗಾಳಿ ಚಲೋ ಐತಿ,” ಎನ್ನುತ್ತಿದ್ದರು. ಥಂಡಿಗೆ ಹಲ್ಲು ಕಟಕಟ ಎನ್ನುತ್ತಿದ್ದವು.

ಊರಿಗೆ ನಮಗಿಂತ ಮೊದಲು ಸುದ್ದಿ ಬಂದಿತ್ತು. ‘ಬಸವಣ್ಣೆಪ್ಪ ನಿದ್ದಿ ಹೊಡದ್ನಂತ’ ಎಂದು ಮಕ್ಕಳು ಸಹ ಆಡಿಕೊಂಡರು. ಕೆಟ್ಟ ಮನಸ್ಸಿನಿಂದಲ್ಲ, ನಗಲು ಒಂದು ವಿಷಯ ಸಿಕ್ಕಿತು ಅಷ್ಟೇ. ಆದರೂ ಮೊದಲಿನ ಹಾಗೆ ಸಂಜೆ ಹೇಳಲು ಬಂದವರು ಇದ್ದರು. ಕಾಕಾ ಅವರನ್ನೆಲ್ಲ ತಿರುಗಿಸಿ ಕಳಿಸಿದರು. “ಫೋನಿನ್ಯಾಗ ಇಟ್ಕೋರಿ. ನಂದು ನಂಬೂವಂಗಿಲ್ಲ,” ಎಂದರು. ಬೇವಿನ ಗಿಡದ ಕೆಳಗೆ ಬರುವುದನ್ನೂ ಬಿಟ್ಟರು. ಐದೂವರೆ ಬಸ್ಸು ತಪ್ಪಿಸಿಕೊಂಡವರು ಆ ವರ್ಷ ನಮ್ಮೂರಲ್ಲಿ ಬಹಳ. ಮರು ಪಂಚಮಿಗೆ ಕಸ್ತೂರಕ್ಕ ಬರಲಿಲ್ಲ. ಮಗನ ಕೈಯಲ್ಲಿ ಉಂಡಿಯ ಡಬ್ಬಿ ಕಳಿಸಿದಳು.

ನಾನು ಹೇಳಬೇಕು ಹೇಳಬೇಕು ಎಂದುಕೊಂಡೇ ದಿನ ತಳ್ಳಿದೆ. ಕೊನೆಗೆ ಹೋದ ದೀಪಾವಳಿಯ ರಜೆಯಲ್ಲಿ ಒಂದು ಸಂಜೆ ಅವರ ಮನೆಗೆ ಹೋದೆ. ಬಾಗಿಲ ಮೂಲೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಬಹಳ ಇಳಿದುಹೋಗಿದ್ದರು. ಪೀಠಿಕೆಯಿಲ್ಲದೆ ಎಲ್ಲ ಹೇಳಿಬಿಟ್ಟೆ. ಅವರ ಕೈ ನಿಂತಿತು. ಬೈಯುತ್ತಾರೆಂದು ಕಾದೆ. ಬೈದರೆ ಹಗುರಾಗುತ್ತೇನೆ ಎಂಬ ಆಸೆಯೂ ಇತ್ತು.

“ನೀ ನೋಡಿದ್ಯಾ ನನ್ನ?” ಎಂದರು.

“ನೋಡಿದ್ನಿ ಕಾಕಾ.”

“ಹೆಂಗ ಮಲಗಿದ್ನಿ?”

ನನಗೆ ಅರ್ಥವಾಗಲಿಲ್ಲ. ಅವರು ಮತ್ತೆ ಕೇಳಿದರು. ಮಗ್ಗುಲಾಗಿ ಮಲಗಿದ್ದಿರಿ, ಕೆನ್ನೆಯ ಕೆಳಗೆ ಕೈ ಇತ್ತು, ಸಣ್ಣ ಹುಡುಗರ ಹಾಗೆ ಎಂದೆ. ಅವರು ಅದನ್ನು ತಲೆದೂಗುತ್ತ ಕೇಳಿದರು.

“ಅಷ್ಟ ವರ್ಷದಾಗ ಅದೊಂದ ನಿದ್ದಿ ನೋಡೋ ತಮ್ಮಾ. ಕಸ್ತೂರಿ ಅಲ್ಲೇ ಮಲಗಿದ್ಲು, ಅಕಿ ಬಳಿ ಸಪ್ಪಳ ಕೇಳಿಕೋತ ಯಾವಾಗ ಕಣ್ಣ ಹತ್ತಿದ್ವೋ ಗೊತ್ತಿಲ್ಲ.” ಹಗ್ಗ ಮತ್ತೆ ಕೈಗೆತ್ತಿಕೊಂಡು, “ನಂಗ ಹೇಳಿ ಏನ್ ಮಾಡ್ತಿ? ಅಕಿಗೆ ಹೇಳು. ಅಪ್ಪಗ ಎಬ್ಬಸೂ ಮನಸಿತ್ತು ಅಂತ ಹೇಳು,” ಎಂದರು.

ಬರುವ ಭಾನುವಾರವೇ ಹಂಸಭಾವಿಗೆ ಹೋಗುತ್ತೇನೆ ಎಂದು ಮಾತು ಕೊಟ್ಟೆ. ಆ ಭಾನುವಾರ ಶಾಲೆಯ ಯಾವುದೋ ಕೆಲಸ, ಅದರ ಮುಂದಿನದು ಸಂಬಂಧಿಕರ ಮದುವೆ. ಹೋಗುವ ಧೈರ್ಯ ಇರಲಿಲ್ಲ ಎನ್ನುವುದೇ ನಿಜ. ಐದನೆಯ ವಾರ ಊರಿನಿಂದ ಫೋನು ಬಂತು. ಮುಂಜಾನೆ ಏಳಾದರೂ ಬಸವಣ್ಣೆಪ್ಪನವರ ಬಾಗಿಲು ತೆರೆದಿಲ್ಲವೆಂದು ಸಂದಿಯಿಂದ ಕೋಲು ಹಾಕಿ ಅಗಳಿ ಎತ್ತಿ ನೋಡಿದರಂತೆ.

ನಾನು ಹೋಗುವಷ್ಟರಲ್ಲಿ ನಮ್ಮ ಲಿಂಗಾಯತರ ಪದ್ಧತಿಯಂತೆ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆಗೆ ರುಮಾಲು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಕಣ್ಣು ಮುಚ್ಚಿತ್ತೆನ್ನುವುದನ್ನು ಬಿಟ್ಟರೆ ಹಗ್ಗ ಹೊಸೆಯಲು ಕೂತ ಹಾಗೆಯೇ ಇದ್ದರು. ಸತ್ತ ಮೇಲೂ ಈ ಮನುಷ್ಯ ಮಲಗುವಂತಿಲ್ಲವಲ್ಲ ಎಂದುಕೊಂಡೆ. ಮಧ್ಯಾಹ್ನದ ಬಸ್ಸಿಗೆ ಕಸ್ತೂರಕ್ಕ ಬಂದಳು. ಜನ ದಾರಿ ಬಿಟ್ಟರು. ಅವಳು ಎದುರಿಗೆ ಕೂತು, ಅವರ ಭುಜದ ಮೇಲೆ ಕೈಯಿಟ್ಟು, “ಅಪ್ಪಾ” ಎಂದಳು. ತುಸು ತಡೆದಳು. “ಅಪ್ಪಾ” ಎಂದಳು. ಮತ್ತೊಮ್ಮೆ “ಅಪ್ಪಾ” ಎಂದಳು. ನಾಲ್ಕನೆಯ ಸಲ ಕರೆಯಲಿಲ್ಲ. ಭಜನೆಯವರೂ ಅಷ್ಟು ಹೊತ್ತು ತಾಳ ನಿಲ್ಲಿಸಿದ್ದರು.

ಮಣ್ಣು ಮಾಡಿದ ಮರುದಿನ ಸಂಜೆ, ಬಂದವರೆಲ್ಲ ಚದುರಿದ ಮೇಲೆ, ಅವರ ಮನೆಯ ಕಟ್ಟೆಯ ಮೇಲೆ ನಾನು ಮತ್ತು ಕಸ್ತೂರಕ್ಕ ಇಬ್ಬರೇ ಉಳಿದೆವು. ಇನ್ನು ತಡೆಯಬಾರದೆಂದು ಹೇಳಿದೆ. ಛತ್ರದಲ್ಲಿ ನನಗೆ ಎಚ್ಚರವಾಗಿತ್ತು, ಕಾಕಾ ಮಲಗಿದ್ದು ನೋಡಿದೆ, ಎಬ್ಬಿಸಲಿಲ್ಲ, ತಪ್ಪು ಅವರದಲ್ಲ ನನ್ನದು ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬೀದಿಯ ಕಡೆಗೆ ನೋಡುತ್ತಿದ್ದಳು.

“ಗೊತ್ತೈತಿ,” ಎಂದಳು.

“ಏನ್ ಗೊತ್ತೈತಿ ಅಕ್ಕಾ?”

“ನೀ ಎದ್ದಿದ್ದು, ಅಪ್ಪನ ಹತ್ರ ನಿಂತಿದ್ದು, ಕಂಬಕ್ಕ ಒರಗಿ ಕುಂತಿದ್ದು, ಗೊರಕಿ ಹೊಡದಿದ್ದು. ಎಲ್ಲಾ ನೋಡೇನಿ. ನಾ ಆ ರಾತ್ರಿ ಕಣ್ಣಿಗೆ ಕಣ್ಣ ಹಚ್ಚಲಿಲ್ಲೋ ವೀರೇಶ.”

ತಲೆ ಬಾಚಿ, ಚೀಲ ಹೆಗಲಿಗೇರಿಸಿ ನಿಂತಿದ್ದವಳು ಈಗ ಕಣ್ಣಿಗೆ ಕಟ್ಟಿದಳು.

“ಅಪ್ಪ ಬಂದು ಎಬ್ಬಸ್ತಾನ ಅಂತ ಕಾಯ್ಕೋತ ಬಿದ್ದಿದ್ನಿ. ಅದಕ್ಕಂತನ ಬಂದಿದ್ನಿ ನಾನು. ಕಾಶಿ ನಂಗ್ಯಾಕ ಬೇಕಿತ್ತು? ತಲಿ ಮ್ಯಾಲ ಕೈ ಇಟ್ಟು ಮೂರು ಸಲ ಹೆಸರ ಕರದ್ರ ಸಾಕಿತ್ತು. ಊರ ಮಂದಿನ್ನೆಲ್ಲಾ ಕರದಾನ, ನನ್ನ ಒಮ್ಮೆ ಕರೀಲಿಲ್ಲ. ಎರಡೂವರಿ ಆತು, ಮೂರಾತು, ಮೂರೂವರಿ ಆತು. ಈಗ ಏಳ್ತಾನ, ಇನ್ನೇನ ಏಳ್ತಾನ ಅಂತ. ನಾನ ಎದ್ದು ಅಪ್ಪಾ ಏಳು ಅಂದಿದ್ರ ಮುಗೀತಿತ್ತು. ಹಠ. ಆಮ್ಯಾಲ ಗಾಡ್ಯಾಗ ಹಂಗ ಅಂದುಬಿಟ್ನಿ.”

ಬೀದಿಯ ದೀಪ ಹತ್ತಿತು. ಅವಳು ಮೂಗು ಒರೆಸಿಕೊಂಡಳು.

“ನೀ ಅಪ್ಪಗ ಹೇಳಿದ್ಯಾ?”

“ಹೇಳಿದ್ನಿ ಅಕ್ಕಾ. ದೀಪಾವಳ್ಯಾಗ.”

“ಏನಂದ?”

“ನಿನ್ನ ಬಳಿ ಸಪ್ಪಳ ಕೇಳಿಕೋತ ನಿದ್ದಿ ಹತ್ತಿತು ಅಂದ್ರು. ನಿಂಗ ಹೇಳು ಅಂದ್ರು. ಎಬ್ಬಸ್ಬೇಕು ಅನ್ನೂ ಮನಸಿತ್ತು ಅಂತ. ನಾ ಬರಲಿಲ್ಲ.”

ಅವಳು ತನ್ನ ಮುಂಗೈಯ ಹಸಿರು ಬಳೆಗಳನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

“ನೀನರ ಹೇಳಿದಿ. ನಾ ಹೇಳಲಿಲ್ಲ,” ಎಂದಳು.

ಕತ್ತಲಾಯಿತು. ಮರುದಿನ ಮೂರನೆಯ ದಿನ. ಹೊತ್ತು ಹುಟ್ಟುವುದರೊಳಗೆ ಸಮಾಧಿಗೆ ಹೋಗಿ ಹಾಲು ತುಪ್ಪ ಎರೆದು ಬರಬೇಕು. ಕಸ್ತೂರಕ್ಕ ಒಳಗೆ ಹೋಗಿ ಅಪ್ಪನ ಚಾಪೆ ಹಾಸಿದಳು. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ಕಾಣುತ್ತಿದ್ದ ಎರಡನೆಯ ರಾತ್ರಿ. ಮೊದಲನೆಯದು ಹಿಂದಿನ ದಿನದ್ದು, ಜನರ ನಡುವೆ ಕೂತೇ ಕಳೆದದ್ದು. ತಾಮ್ರದ ತಂಬಿಗೆಗೆ ನೀರು ತುಂಬಿಸಿ ತಂದು ತಲೆದಿಂಬಿನ ಬದಿಗಿಟ್ಟಳು. ಆಮೇಲೆ ಅದರ ಮುಂದೆಯೇ ಕೂತಳು. ಎರಡು ದಿನದ ನಿದ್ದೆ ಕಣ್ಣಿನಲ್ಲಿತ್ತು, ಕಣ್ಣು ಅಪ್ಪನ ಕಣ್ಣಿನ ಹಾಗೇ ಕೆಂಪಾಗಿತ್ತು.

“ಮಲಗಿದ್ರ ಎಚ್ಚರ ಆಗೂದಿಲ್ಲೋ ವೀರೇಶ,” ಎಂದಳು.

‘ಮಲಕೋ ಅಕ್ಕಾ, ನಾ ಎಬ್ಬಸ್ತೇನಿ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಹೊಸ್ತಿಲ ಈಚೆ ನಾನು, ಆಚೆ ಅವಳು, ಬೆಳಗಾಗುವವರೆಗೆ ಕೂತಿದ್ದೆವು.